ಮಂಗಳವಾರದ ಐದು ಮಿಲಿಮೀಟರ್

ಪಾಪಿನಾಯಕನಹಳ್ಳಿ,
ಜುಲೈ ೯, ಬುಧವಾರ

ಮಾನ್ಯ ಪುರಂದರ ಸಾಹೇಬರಿಗೆ,

ಊರೆಲ್ಲ ಒಣಗಿರುವಾಗ ನಮ್ಮ ಮಳೆಮಾಪಕದಲ್ಲಿ ಮಾತ್ರ ಮಂಗಳವಾರಕ್ಕೊಮ್ಮೆ ಐದು ಮಿಲಿಮೀಟರ್ ಮಳೆ ಹೇಗೆ ಎಂದು ಕೇಳಿದ್ದೀರಿ. ಕಾರಣ ತಿಳಿಸದಿದ್ದರೆ ಮಳೆ ಅಳತೆ ಕೇಂದ್ರವನ್ನೇ ಬೇರೆ ಊರಿಗೆ ಸಾಗಿಸುವುದಾಗಿ ಬರೆದಿದ್ದೀರಿ. ನನಗೂ ಅದೇ ಕುತೂಹಲವಿತ್ತು. ಮೋಡವೂ ಇಲ್ಲ, ಸಿಡಿಲೂ ಇಲ್ಲ, ಮಾಪಕದಲ್ಲಿ ನೀರುಂಟಲ್ಲ!

ಹೋದ ವಾರದ ಮಂಗಳವಾರ ನಸುಕಿನಲ್ಲೇ ಬೇವಿನ ಮರದ ಹಿಂದೆ ಕಾದು ಕುಳಿತೆ. ಪಕ್ಕದ ಹೊಲದ ಜಂಬವ್ವ ಬಂದು, ಮಾಪಕಕ್ಕೆ ಕುಂಕುಮವಿಟ್ಟು, ಒಂದು ಚಹಾ ಲೋಟ ನೀರು ಸುರಿದಳು.

“ಯಾಕವ್ವಾ ಇದು?” ಎಂದೆ.

“ದಿನಾ ಬಾಯಿ ತಗದು ಮುಗಿಲು ನೋಡ್ತದಲ್ಲೋ, ಪಾಪ. ನೀ ಬರೇ ಅಳೀತಿ. ಒಂದಿನಾರ ಕುಡಿಸೀಯೇನು?”

ಅವಳು ಹೋದಮೇಲೆ ಅಳೆದೆ: ಸರಿಯಾಗಿ ಐದು ಮಿಲಿಮೀಟರ್.

ಆ ಮಂಗಳವಾರಗಳ ಮಳೆಯನ್ನು ದಯವಿಟ್ಟು ದಾಖಲೆಯಿಂದ ಅಳಿಸಿರಿ. ಕೇಂದ್ರವನ್ನು ಮಾತ್ರ ಸಾಗಿಸಬೇಡಿರಿ; ಇಲ್ಲಿಯವರು ಈ ಅಳತೆ ಕೇಳಿಯೇ ಬಿತ್ತನೆಗೆ ಇಳಿಯುತ್ತಾರೆ. ಉಗ್ರಾಣದಲ್ಲಿ ತೂತುಬಿದ್ದ ಹಳೆಯ ಮಾಪಕವಿದ್ದರೆ ಒಂದು ಕಳಿಸಿರಿ, ಜಂಬವ್ವನ ಪೂಜೆಗೆ ಬೇಕು.

ನಿನ್ನೆಯೂ ಮಂಗಳವಾರ. ಜಂಬವ್ವ ಮಗಳ ಮನೆಗೆಂದು ಕಂಪ್ಲಿಗೆ ಹೋಗಿದ್ದಳು. ಮಾಪಕದಲ್ಲಿ ಇಪ್ಪತ್ತೆರಡು ಮಿಲಿಮೀಟರ್ ಇತ್ತು. ಎರಡೆರಡು ಸಲ ಅಳೆದೆ. ಕುಂಕುಮವೆಲ್ಲ ತೊಳೆದುಹೋಗಿತ್ತು.

ಇದೊಂದನ್ನು ಅಳಿಸಬೇಡಿರಿ.

ತಮ್ಮ ವಿಧೇಯ,
ಪಾಲಪ್ಪ
ಮಳೆ ಅಳೆಯುವವನು