ಗಂಧ ಮೆತ್ತಿದ ಗುಂಡಿ

೧೧-೧೦-೯೨, ಭಾನುವಾರ, ಮಾಟುಂಗ

ಆಯುಧಪೂಜೆಗೆ ಬಂದ ಹೊಸ ಕಂಪ್ಯೂಟರಿನಲ್ಲಿ ನಮ್ಮ ಯಜಮಾನರ ಕಾರ್ ರೇಸ್ ಇವತ್ತೂ ಎತ್ತಿನ ಗಾಡಿಯ ಹಾಗೇ ತೆವಳಿತು. ರಿಪೇರಿಗೆ ಅಂತ ಇವರ ತಮ್ಮ ಕಿಟ್ಟು ಮುಲುಂಡಿನಿಂದ ಬಂದಿದ್ದ. ಕಂಪ್ಯೂಟರ್ ಕೋರ್ಸ್ ಮಾಡಿದ ಮಹಾಪಂಡಿತ!

"ವೈರಸ್ ಅತ್ತಿಗೆ, ಮುಟ್ಟಬೇಡಿ" ಅಂತ ನನ್ನ ಕೈಯಿಂದ ಒರೆಸೋ ಬಟ್ಟೆ ಕಿತ್ತುಕೊಂಡ. ಕಾಫಿ ಮೇಲೆ ಕಾಫಿ ಕುಡಿದು, ಬೇರೆ ಮಶೀನ್ ತಗೊಳ್ಳಿ ಅಂತ ಹೇಳಿ ಹೋದ.

ಅವನು ಹೋದಮೇಲೆ ಒರೆಸಿದೆ. ವೇಗ ಹೆಚ್ಚಿಸುವ ಟರ್ಬೊ ಗುಂಡಿ ಅಲ್ಲಾಡದೆ ಕಚ್ಚಿಕೊಂಡಿತ್ತು. ಪೂಜೆಯ ದಿನ ಇವರೇ ಭಕ್ತಿಯಿಂದ ಮೆತ್ತಿದ ಗಂಧ! ಉಗುರಲ್ಲಿ ಕೆರೆದು ಒತ್ತಿದೆ. ಕಾರು ಹಾರಿತು. ಇವರು ಆಡಿದಾಗಲೆಲ್ಲ ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿದರು.

"ಈಗ ತೀರಾ ಫಾಸ್ಟಾಯ್ತಲ್ಲೇ. ಕಿಟ್ಟುಗೆ ಫೋನ್ ಮಾಡ್ಲಾ?"

"ಅವನ್ಯಾಕೆ? ನಾನೇ ಗಂಧ ತೇಯ್ದು ಕೊಡ್ತೀನಿ" ಅಂದೆ.