ಮಧ್ಯಾಹ್ನದ ಜೋಳಿಗೆ

ಆಳಂದ
ಸೋಮವಾರ, ೧೯ ಮೇ ೧೯೮೬

ಕಲಾವತಿಯ ಅಪ್ಪನವರಿಗೆ,

ಹೀರಾಬಾಯಿಯ ನಮಸ್ಕಾರಗಳು. ನಾವೆಲ್ಲ ಆರಾಮ ಇದ್ದೇವೆ. ನೀವೂ ಆರಾಮ ಇದ್ದೀರೆಂದು ನನಗೆ ಗೊತ್ತು. ಹೇಗೆ ಗೊತ್ತೆಂಬುದನ್ನು ಆಮೇಲೆ ಬರೆಯುತ್ತೇನೆ.

ನಿಮ್ಮ ಕಾರ್ಡು ಬಂದು ಬಹಳ ದಿನವಾಯಿತು. ಸೂಟಿ ಮುಗಿಯುವುದರೊಳಗೆ ಮಕ್ಕಳನ್ನು ಕರೆದುಕೊಂಡು ಜೇವರ್ಗಿಗೆ ಬಂದುಬಿಡು, ಅವ್ವ ಈಗ ಏನೂ ಅನ್ನುವುದಿಲ್ಲ ಎಂದು ಬರೆದಿದ್ದೀರಿ. ಕಾರ್ಡನ್ನು ಜೋಳದ ಡಬ್ಬಿಯ ಮೇಲೆ ಇಟ್ಟಿದ್ದೆ. ದಿನಾ ಕಣ್ಣಿಗೆ ಬೀಳುತ್ತಿತ್ತು, ಉತ್ತರ ಬರೆಯಲು ಮಾತ್ರ ಮನಸ್ಸು ಏಳಲಿಲ್ಲ.

ನನಗೆ ಆಳಂದದ ಶಾಲೆಗೆ ವರ್ಗವಾದ ದಿನ ನಿಮಗೆ ನೆನಪಿರಬೇಕು. ನಿಮ್ಮ ತಾಯಿ ನಡುಮನೆಯಲ್ಲಿ ನಿಂತು, ನೌಕರಿ ಬೇಕಂದ್ರ ಹೋಗವ್ವಾ, ಇನ್ನ ನಿನ್ನ ಕೈಯಾಗಿಂದು ಒಂದು ತುತ್ತು ನಾ ಮುಟ್ಟಂಗಿಲ್ಲ ಎಂದರು. ಆ ಮಾತು ನನಗೆ ಅಷ್ಟೇನೂ ಹತ್ತಲಿಲ್ಲ. ನೀವು ಅಲ್ಲೇ ಬಾಗಿಲ ಹತ್ತಿರ, ಒಡೆದ ಕೊಡೆಯ ಹಿಡಿಕೆಗೆ ಕೆಂಪು ದಾರ ಸುತ್ತುತ್ತ ಕೂತಿದ್ದಿರಿ. ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನನಗೆ ಹತ್ತಿದ್ದು ಅದು. ನಾನು ಮಕ್ಕಳ ಕೈ ಹಿಡಿದು ಬಸ್ಸು ಹತ್ತುವಾಗಲೂ ನೀವು ದಾರ ಸುತ್ತುತ್ತಲೇ ಇದ್ದಿರಬೇಕು. ಎರಡು ವರ್ಷವಾಯಿತು.

ಇರಲಿ. ಶನಿವಾರ ರವಿವಾರ ಗಾಣಗಾಪುರಕ್ಕೆ ಹೋಗಿದ್ದೆವು. ದತ್ತಪ್ಪನಿಗೆ ಹರಕೆ ಅದ, ಅಡಗಿ ಮಾಡಿ ಮಧುಕರಿಗೆ ಬಂದವರ ಜೋಳಿಗೆಗೆ ನೀಡಬೇಕು ಎಂದು ನನ್ನ ಹಡೆದವ್ವ ಗಂಟುಬಿದ್ದಳು. ಮಕ್ಕಳು ನದಿ ನದಿ ಎಂದು ಕುಣಿದರು. ನನಗೆ ಬೇಕಾಗಿದ್ದದ್ದು ಒಂದು ಚಾಪೆ, ಮತ್ತು ಯಾರೂ ಅವ್ವಾ ಎಂದು ಕರೆಯದ ಒಂದು ಗಳಿಗೆ, ಅಷ್ಟೇ. ಅದು ಎಲ್ಲಿ ಸಿಗಬೇಕು! ಅಫಜಲಪುರದಲ್ಲಿ ಬಸ್ಸು ಬದಲಿಸುವುದರೊಳಗೆ ವಿಠ್ಠಲ ನನ್ನ ಸೀರೆಯ ಮೇಲೆ ವಾಂತಿ ಮಾಡಿದ. ಕಲಾವತಿ ಒಂದು ಚಪ್ಪಲಿಯನ್ನು ಬಸ್ಸಿನಲ್ಲೇ ಬಿಟ್ಟಿಳಿದಳು. ಪೂಜಾರಿಯವರ ವಾಡೆಯಲ್ಲಿ ಸಿಕ್ಕ ಖೋಲಿಗೆ ಕಿಡಕಿಯೂ ಇರಲಿಲ್ಲ. ಬಿಸಿಲು ಎಂದರೆ ಬಿಸಿಲು, ಕಲ್ಲಿನ ಗೋಡೆಗೆ ಬೆನ್ನು ಆನಿಸುವಂತಿಲ್ಲ.

ರವಿವಾರ ಬೆಳಿಗ್ಗೆ ಸಂಗಮದಲ್ಲಿ ಮಕ್ಕಳು ಮೊಣಕಾಲು ನೀರಿನಲ್ಲಿ ಎಮ್ಮೆಗಳ ಹಾಗೆ ಹೊರಳಾಡಿದರು. ನಾನು ದಂಡೆಯ ಮೇಲೆ ಅವರ ಬಟ್ಟೆ ಕಾಯುತ್ತ ಕೂತೆ. ಅಷ್ಟರಲ್ಲೇ ಕಣ್ಣು ಎಳೆಯಿತು. ಮತ್ತೆ ಅವ್ವ ಕೂಗಿದಳು, ಬದನೀಕಾಯಿ ತಂದೇನಿ, ಒಲಿ ಹಚ್ಚು ಬಾ ಎಂದು. ತಾಯಂದಿರಿಗೆ ಸೂಟಿ ಎಂದರೆ ಮನೆಯ ಒಲೆ ಬಿಟ್ಟು ಬೇರೆ ಊರಿನ ಒಲೆಯ ಮುಂದೆ ಕೂಡುವುದು. ಹೊಗೆಯಲ್ಲಿ ಕಣ್ಣು ಉರಿಸಿಕೊಂಡು ರೊಟ್ಟಿ ಬಡಿದೆ, ಎಣ್ಣೆಗಾಯಿ ಮಾಡಿದೆ, ಹುಗ್ಗಿ ಕುದಿಸಿದೆ. ಕೈಗಳು ನನ್ನವೋ ಯಾರವೋ ಅನ್ನಿಸತೊಡಗಿತ್ತು.

ಅಲ್ಲಿಯ ಪದ್ಧತಿ ನಿಮಗೆ ಗೊತ್ತೇ ಇದೆ. ಮಧ್ಯಾಹ್ನ ದೇವರೇ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂದು ನಂಬಿಕೆ. ಅದಕ್ಕೇ ಸಾಹುಕಾರನೂ ಜೋಳಿಗೆ ಹಿಡಿದು ಐದು ಮನೆ ತಿರುಗುತ್ತಾನೆ. ಬಂದವರನ್ನು ನೀಡುವವರು ಇಲ್ಲವೆನ್ನುವಂತಿಲ್ಲ, ಬಾಗಿಲಲ್ಲಿ ಕೂಗಿದವರು ನೀಡಿಸಿಕೊಳ್ಳದೆ ತಿರುಗುವಂತಿಲ್ಲ. ಯಾರ ಬರಲಿ, ಮಾರಿ ನೋಡಬ್ಯಾಡ, ನೀಡು ಎಂದು ಅವ್ವ ಒಳಗಿನಿಂದ ಹೇಳುತ್ತಲೇ ಇದ್ದಳು.

ನಾನೂ ಮುಖ ನೋಡದೆ ನೀಡುತ್ತಿದ್ದೆ. ನೋಡುವಷ್ಟು ತ್ರಾಣವೂ ಇರಲಿಲ್ಲ. ಭವತಿ ಭಿಕ್ಷಾಂ ದೇಹಿ ಎಂಬ ಸಣ್ಣ ದನಿ ಕೇಳಿ ರೊಟ್ಟಿ ಎತ್ತಿಕೊಂಡೆ. ಜೋಳಿಗೆ ಹಿಡಿದ ಕೈಯಲ್ಲಿ ಹಸಿರು ಬಳೆ, ಕಿರುಬೆರಳು ಸೊಟ್ಟಗೆ. ಆ ಬೆರಳಿಗೆ ನಾನೇ ಎಷ್ಟು ಸಲ ಎಣ್ಣೆ ತಿಕ್ಕಿದ್ದೇನೆ! ತಲೆ ಎತ್ತಿದರೆ ನಿಮ್ಮ ತಾಯಿ, ತುಳಜಾಬಾಯಿಯವರು.

ಅವರೂ ನನ್ನನ್ನು ನೋಡಿದರು. ತಿರುಗುವಂತಿಲ್ಲ ಅವರು, ಇಲ್ಲವೆನ್ನುವಂತಿಲ್ಲ ನಾನು. ನನಗೆ ಸಿಟ್ಟೂ ಬಂತು, ಅಳುವೂ ಬಂತು, ಎರಡನ್ನೂ ನುಂಗಿ ರೊಟ್ಟಿ ಹಾಕಿದೆ. ಅವರು ಜೋಳಿಗೆಯಿಂದ ಸ್ಟೀಲಿನ ಡಬ್ಬಿ ತೆಗೆದರು. ಹುಗ್ಗಿ ಹಾಕಿದೆ. ಎಣ್ಣೆಗಾಯಿಯ ಬೋಗುಣಿ ಮಾತ್ರ ಬದಿಗೆ ಸರಿಸಿದೆ, ಬದನೆಕಾಯಿ ತಿಂದರೆ ಅವರಿಗೆ ಮೈಯೆಲ್ಲ ತುರಿಸುತ್ತದಲ್ಲ. ಅವರು ಡಬ್ಬಿ ಹಿಂದೆ ತೆಗೆಯಲಿಲ್ಲ. ಬದನೀಕಾಯಿ ಹಾಕವ್ವ ಎಂದರು. ಹಾಕಿದೆ. ಇನ್ನೊಂದೀಟು ಹಾಕು ಎಂದರು. ಮತ್ತೆ ಹಾಕಿದೆ.

ರೊಟ್ಟಿಯ ಒಂದು ಚೂರನ್ನು ಅಲ್ಲೇ, ನನ್ನ ಎದುರಿಗೇ ಮುರಿದು ಬಾಯಿಗೆ ಹಾಕಿಕೊಂಡರು. ಉಪ್ಪು ಕಮ್ಮಿ ಆಗ್ಯಾದ ಎಂದರು. ನಿಮ್ಮ ತಾಯಿಯಲ್ಲವೇ! ಮಕ್ಕಳಿಬ್ಬರ ತಲೆಯ ಮೇಲೆ ಕೈಯಾಡಿಸಿ ಹೋದರು. ನಾನು ಹೊಸ್ತಿಲ ಮೇಲೆ ಕೂತೆ. ಎರಡು ವರ್ಷದ ದಣಿವು ಒಮ್ಮೆಲೇ ಮೈಮೇಲೆ ಬಂದ ಹಾಗಾಯಿತು.

ಈಗ ನಿಮ್ಮ ಕಾರ್ಡಿಗೆ ಉತ್ತರ. ನಾನು ಜೇವರ್ಗಿಗೆ ಬರುವುದಿಲ್ಲ. ಜೂನಿನಲ್ಲಿ ಶಾಲೆ ತೆರೆಯುತ್ತದೆ, ನೌಕರಿ ಬಿಡುವುದಿಲ್ಲ. ನಿಮ್ಮ ತಾಯಿಯ ಮೇಲೆ ನನಗೆ ಇನ್ನು ಸಿಟ್ಟಿಲ್ಲ. ಆಡಿದ ಮಾತನ್ನು ಅವರೇ ಜಗಿದು ನುಂಗಿದರು. ಅವ್ವ ಏನೂ ಅನ್ನುವುದಿಲ್ಲ ಎಂದು ಬರೆದಿದ್ದೀರಿ. ನೀವು ಏನನ್ನುತ್ತೀರಿ ಎಂಬುದನ್ನು ಮಾತ್ರ ಬರೆದಿಲ್ಲ.

ಬಹಳ ದಣಿದಿದ್ದೇನೆ, ಮಲಗುತ್ತೇನೆ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿರಿ.

ಇಂತಿ,
ಕಲಾವತಿ, ವಿಠ್ಠಲರ ತಾಯಿ
ಹೀರಾಬಾಯಿ

ತಾ.ಕ.: ವಾಡೆಯ ಎದುರು ಚಹಾದಂಗಡಿಯ ತಗಡಿನ ನೆರಳಿನಲ್ಲಿ ಒಬ್ಬರು ನಮಗೆ ಬೆನ್ನು ಮಾಡಿ ನಿಂತಿದ್ದರು. ನೆರಳಿನಲ್ಲೂ ಕೊಡೆ ಬಿಚ್ಚಿದ್ದರು, ಹಿಡಿಕೆಗೆ ಕೆಂಪು ದಾರ ಸುತ್ತಿತ್ತು. ಬದನೆಕಾಯಿ ಯಾರ ಪಾಲಿನದೆಂದು ಆಗ ತಿಳಿಯಿತು. ಈ ಹರಕೆ ಯಾವಾಗ ಹೊತ್ತದ್ದು ಎಂದು ನಮ್ಮ ಅವ್ವನನ್ನು ಕೇಳಿದರೆ ಬರೀ ನಗುತ್ತಾಳೆ. ಆದರೆ ತಾಯಿಯ ಜೋಳಿಗೆಯಲ್ಲಿ ಎಷ್ಟು ದಿನ ಉಣ್ಣುತ್ತೀರಿ? ಬರುವ ರವಿವಾರ ಮಧ್ಯಾಹ್ನ ಆಳಂದಕ್ಕೆ ಬರ್ರಿ. ನಮ್ಮ ಬಾಗಿಲಲ್ಲಿ ನಿಂತು, ಮಕ್ಕಳ ಎದುರಿಗೆ, ನಿಮಗೆ ಏನು ಬೇಕೆಂದು ಬಾಯಿಬಿಟ್ಟು ಕೇಳಿರಿ. ಆ ಹೊತ್ತಿನಲ್ಲಿ ಕೇಳಿದವರಿಗೆ ನಾನು ಇಲ್ಲವೆನ್ನುವುದಿಲ್ಲ.