ಚುಕ್ಕಿ ಇಡದ ಕೋಣೆ

ಉತ್ತರಹಳ್ಳಿ, ಬೆಂಗಳೂರು
12 ನವೆಂಬರ್ 2025, ಬುಧವಾರ

ಪ್ರೀತಿಯ ಅತ್ತೆಗೆ ಅಂಜನಾಳ ನಮಸ್ಕಾರಗಳು.

ಮಂಡಿ ಹೇಗಿದೆ? ತುಮಕೂರಿನಲ್ಲೂ ಬೆಳಗಿನ ಚಳಿ ಶುರುವಾಗಿರಬೇಕು. ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತಿದ್ದೀರೋ, ಇಲ್ಲ ಕಿಟ್ಟಿ ಮಾವನ ಮನೆಯವರಿಗೆ ನೀರು ಕಾಯಿಸುವ ತೊಂದರೆ ಯಾಕೆ ಎಂದು ಅದನ್ನು ಪೆಟ್ಟಿಗೆಯಿಂದ ಹೊರಗೇ ತೆಗೆದಿಲ್ಲವೋ? ನಿಮ್ಮನ್ನು ಬಲ್ಲೆ, ಅದಕ್ಕೇ ಕೇಳುತ್ತಿದ್ದೇನೆ. ಸ್ವಂತ ತಮ್ಮನ ಮನೆಯಲ್ಲೂ ನೀವು ನೆಂಟರ ಹಾಗೆ ಮುದುಡಿಕೊಂಡೇ ಕೂರುವವರು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಬಾಡಿಗೆ ಮನೆಗೆ ನೀರು ದಿನ ಬಿಟ್ಟು ದಿನ ಬರುತ್ತದೆ, ಓನರ್ ಲಕ್ಷ್ಮಮ್ಮನವರ ಗೊಣಗಾಟ ಮಾತ್ರ ದಿನವೂ ಬರುತ್ತದೆ. ನಿಮ್ಮ ದೊಡ್ಡ ಮಗ ಶ್ರೀಕರ್‌ಗೆ ನೆಗಡಿ, ಆದರೆ ನಾವೆಲ್ಲ ಅದನ್ನು ಜ್ವರ ಎಂದೇ ಕರೆಯಬೇಕಂತೆ.

ಫೋನು ಇರುವಾಗ ಇವಳೇಕೆ ಕಾಗದ ಬರೆಯುತ್ತಿದ್ದಾಳೆ ಎಂದುಕೊಂಡಿರಬೇಕು. ಫೋನಿನಲ್ಲಿ ನೀವು ಮೂರನೇ ಮಾತಿಗೇ ‘ಇಡ್ಲಾ?’ ಅನ್ನುತ್ತೀರಿ. ಜೊತೆಗೆ ಇವರೂ ಪಕ್ಕದಲ್ಲೇ ಕೂತು ಕೇಳುತ್ತಿರುತ್ತಾರೆ. ಕಾಗದವನ್ನು ನೀವು ನಡುವೆ ಇಡುವ ಹಾಗಿಲ್ಲ, ಕೊನೆಯವರೆಗೂ ಓದಲೇಬೇಕು. ವಿಷಯ ಇಷ್ಟು. ಹೊಸಕೆರೆಹಳ್ಳಿಯ ಹಳೇ ಮನೆ ಪೂರ್ತಿ ಕೆಡವಿಯಾಯಿತು. ಹೊಸ ಮನೆಯ ಪ್ಲಾನು ತಯಾರಾಗಿದೆ. ಸೈಟು ನಿಮ್ಮ ಹೆಸರಿನಲ್ಲಿರುವುದರಿಂದ ನಿಮ್ಮ ಸಹಿ ಬೇಕು. ಅದಕ್ಕಾಗಿ ಈ ಭಾನುವಾರ ಪ್ರಸನ್ನ ತುಮಕೂರಿಗೆ ಬರುತ್ತಾನೆ. ಚಿಕ್ಕ ಮಗ ಬಂದ ಸಂತೋಷದಲ್ಲಿ ನೀವು ಪ್ಲಾನು ಬಿಡಿಸಿಯೂ ನೋಡದೆ ಸಹಿ ಹಾಕಿಬಿಡುತ್ತೀರಿ. ಅಷ್ಟರೊಳಗೆ ಆ ಪ್ಲಾನು ಹೇಗೆ ಹುಟ್ಟಿತು ಎಂಬುದು ನಿಮಗೆ ಗೊತ್ತಾಗಬೇಕು.

‘ಇಡೀ ದಿನ ಕಂಪ್ಯೂಟರಲ್ಲಿ ಅದೇನ್ ಮಾಡ್ತೀಯೆ?’ ಎಂದು ನೀವು ಎಷ್ಟೋ ಸಲ ಕೇಳಿದ್ದೀರಿ. ನಾನು ‘ಡ್ರಾಯಿಂಗು’ ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಜೆ.ಪಿ. ನಗರದ ನಮ್ಮ ಆಫೀಸಿನಲ್ಲಿ ಮಾಡುವುದು ನಕ್ಷೆ ಬಿಡಿಸುವವರಿಗೆ ಬೇಕಾದ ಸಾಫ್ಟ್‌ವೇರು. ಗೆರೆ ಎಳೆಯುವುದು ಅದರಲ್ಲಿ ದೊಡ್ಡ ಕೆಲಸವಲ್ಲ, ಷರತ್ತು ಪಾಲಿಸುವುದು ದೊಡ್ಡ ಕೆಲಸ. ಈ ಗೋಡೆ ಆ ಗೋಡೆಗೆ ಸಮಾನಾಂತರವಾಗಿರಲಿ, ಈ ಮೂಲೆಗೂ ಆ ಕಂಬಕ್ಕೂ ಹತ್ತಡಿ ಇರಲಿ, ಬಾಗಿಲು ತೆಗೆದರೆ ಮೆಟ್ಟಿಲಿಗೆ ತಗಲದಿರಲಿ ಎಂದು ಒಂದೊಂದಾಗಿ ಹೇಳುತ್ತ ಹೋದರೆ, ಎಲ್ಲ ಮಾತೂ ಒಟ್ಟಿಗೆ ನಡೆಯುವ ಹಾಗೆ ಕಂಪ್ಯೂಟರು ಲೆಕ್ಕ ಹಾಕಿ ಗೆರೆಗಳನ್ನು ತಾನೇ ಸರಿಸಿ ಕೂರಿಸುತ್ತದೆ. ನೀವು ಹಾಕುತ್ತಿದ್ದ ಚುಕ್ಕಿ ರಂಗೋಲಿಯೂ ಹಾಗೇ ಅಲ್ಲವೇ? ಮೊದಲು ಚುಕ್ಕಿ, ಆಮೇಲೆ ಗೆರೆ. ಗೆರೆ ಎಷ್ಟೇ ಬಳುಕಿದರೂ ಚುಕ್ಕಿಯನ್ನು ತುಳಿಯುವಂತಿಲ್ಲ. ಇಲ್ಲಿ ಷರತ್ತೇ ಚುಕ್ಕಿ. ಒಂದು ಷರತ್ತಿಗೆ ಇನ್ನೊಂದು ಹೊಂದದಿದ್ದರೆ ಗೆರೆಗಳು ಕೆಂಪಾಗುತ್ತವೆ. ಯಾರೂ ಏನೂ ಹೇಳದೆ ಬಿಟ್ಟ ಜಾಗವನ್ನು ಮಾತ್ರ ಕಂಪ್ಯೂಟರು ಉಳಿದವರ ಅನುಕೂಲಕ್ಕೆ ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಇಷ್ಟು ಗೊತ್ತಿದ್ದರೆ ಮುಂದಿನದು ನಿಮಗೆ ಅರ್ಥವಾಗುತ್ತದೆ.

ಹೋದ ತಿಂಗಳು ಒಂದು ಭಾನುವಾರ ಎಲ್ಲರೂ ಈ ಬಾಡಿಗೆ ಮನೆಯ ಹಾಲಿನಲ್ಲಿ ಸೇರಿದೆವು. ಕಂಟ್ರಾಕ್ಟರ್ ಜಯದೇವಪ್ಪನವರೂ ಬಂದಿದ್ದರು. ಅಣ್ಣ ತಮ್ಮ ಕಿತ್ತಾಡುವುದು ಬೇಡ, ನಿಮ್ಮ ನಿಮ್ಮ ಷರತ್ತು ಹೇಳಿಬಿಡಿ, ನ್ಯಾಯ ಕಂಪ್ಯೂಟರೇ ಹೇಳುತ್ತದೆ ಎಂದು ನಾನು ಜಂಬದಿಂದ ಲ್ಯಾಪ್‌ಟಾಪ್ ತೆರೆದೆ. ಮೊದಲ ಮಹಡಿ ನಮಗೆ, ಎರಡನೆಯದು ಪ್ರಸನ್ನನಿಗೆ, ಅದರಲ್ಲಿ ತಕರಾರಿರಲಿಲ್ಲ. ಮೆಟ್ಟಿಲು ಹತ್ತಲಾಗದ ನಿಮಗೆ ಕೆಳಗೆ ಒಂದು ಕೋಣೆ ಎಂಬುದನ್ನೂ ಎಲ್ಲರೂ ಒಪ್ಪಿದ್ದರು. ಕಷ್ಟವೆಲ್ಲ ಇದ್ದದ್ದು ಆ ನೆಲಮಟ್ಟದಲ್ಲೇ. ಇಪ್ಪತ್ತು ಮೂವತ್ತರ ಸೈಟು ಎಷ್ಟೆಂದು ಹಿಗ್ಗೀತು? ಇವರಿಗೆ ತಮ್ಮ ಕಾರು ಬಿಸಿಲಿಗೆ ನಿಲ್ಲಬಾರದು. ಪ್ರಸನ್ನನಿಗೆ ಅಣ್ಣನ ಕಾರು ತೆಗೆಯದೆಯೇ ತನ್ನ ಕಾರು ಹೊರಗೆ ಬರಬೇಕು. ಜಯದೇವಪ್ಪನವರಿಗೆ ಸಂಪು, ಕಂಬ, ಬಲಸುತ್ತಿನ ಮೆಟ್ಟಿಲು. ಮಾವನವರು ನೆಟ್ಟ ತೆಂಗಿನ ಮರವನ್ನು ಮುಟ್ಟುವ ಹಾಗಿಲ್ಲ, ‘ಕಡಿದ್ರೆ ಅಮ್ಮ ನೊಂದ್ಕೋತಾರೆ’ ಎಂದ ಪ್ರಸನ್ನ. ಆಮೇಲೆ ನಿಮಗೆ ಫೋನು ಮಾಡಿದೆವು. ನೆನಪಿದೆಯಾ? ‘ನಂಗೇನೇ, ಒಂದ್ ಮಂಚ ಹಿಡಿದ್ರೆ ಸಾಕು ಕಣೆ. ಮಕ್ಕಳಿಗೆ ಅನುಕೂಲ ಆಗೋ ಹಾಗೆ ನೋಡಿ. ಇಡ್ಲಾ?’ ಅಂದಿರಿ. ನಾನು ಅದನ್ನೇ ಷರತ್ತು ಎಂದು ಬರೆದುಕೊಂಡೆ. ಕೆಳಗಿನ ಕೋಣೆ, ಒಂದು ಮಂಚ ಹಿಡಿಯಬೇಕು. ಅದನ್ನು ಕಂಪ್ಯೂಟರಿಗೆ ಹಾಕಿದ್ದು ನನ್ನ ಕೈಯೇ.

ಲೆಕ್ಕ ಕೂಡಿಬಂತು. ಒಂದು ಗೆರೆಯೂ ಕೆಂಪಾಗಲಿಲ್ಲ. ಜಯದೇವಪ್ಪನವರು ‘ಸಖತ್ತಾಗಿದೆ ಮೇಡಂ’ ಎಂದರು, ನಾನು ಉಬ್ಬಿಹೋದೆ. ಖಾರಾಬಾತ್ ತರಿಸಿ ತಿಂದೆವು.

ನಾಲ್ಕು ದಿನ ಕಳೆದ ಮೇಲೆ ಸುಮ್ಮನೆ ನಿಮ್ಮ ಕೋಣೆಯನ್ನು ದೊಡ್ಡದು ಮಾಡಿ ನೋಡಿದೆ, ಅತ್ತೆ. ಕಂಪ್ಯೂಟರು ನಿಮ್ಮ ಮಾತನ್ನು ಅಕ್ಷರಶಃ ಪಾಲಿಸಿತ್ತು. ಒಂದು ಮಂಚ ಹಿಡಿದಿತ್ತು. ಮಂಚದ ಮೂರು ಬದಿಗೂ ಗೋಡೆ ಅಂಟಿಕೊಂಡಿತ್ತು, ಕಾಲ ಬದಿಯಲ್ಲಿ ಒಂದು ಮೊಳ ಜಾಗ, ಅಲ್ಲೇ ಬಾಗಿಲು. ಒಳಗೆ ತೆರೆಯಲು ಎಡೆಯಿಲ್ಲದೆ ಬಾಗಿಲು ಹೊರಗಡೆಗೆ ತೆರೆಯುತ್ತಿತ್ತು. ನೀವು ಹಿಡಿದು ನಡೆಯುವ ವಾಕರನ್ನು ಹೊರಗೆ ಕಾರಿನ ಪಕ್ಕದಲ್ಲಿ ಬಿಟ್ಟು ಮಂಚ ಹತ್ತಬೇಕು. ಬಚ್ಚಲು ಮೆಟ್ಟಿಲ ಕೆಳಗಿತ್ತು, ಪ್ರಸನ್ನನ ಕಾರನ್ನು ಸುತ್ತಿಕೊಂಡು ಹೋಗಬೇಕು. ಕಿಟಕಿ ಬೇಕೆಂದು ಯಾರೂ ಹೇಳಿರಲಿಲ್ಲ, ಆದ್ದರಿಂದ ಇರಲಿಲ್ಲ. ಹಳೇ ಮನೆಯ ಬಚ್ಚಲ ಬಾಗಿಲಿಗೆ ನಿಮ್ಮ ವಾಕರು ತಗಲಿ ತಗಲಿ ಬಣ್ಣ ಹೋಗಿದ್ದನ್ನು ದಿನಾ ನೋಡಿದವಳು ನಾನು, ನನಗೂ ಹೊಳೆಯಲಿಲ್ಲ. ಅಳು ಬಂತು. ಅಳುವಿಗಿಂತ ಹೆಚ್ಚು ಸಿಟ್ಟು ಬಂತು, ಮೊದಲು ನನ್ನ ಮೇಲೆ, ಆಮೇಲೆ ನಿಮ್ಮ ಮೇಲೆ.

ಹೌದು, ನಿಮ್ಮ ಮೇಲೆ. ಮಂಡಿ ಆಪರೇಷನ್ ಆದ ಮಾರನೇ ದಿನ ಡಾಕ್ಟರು ‘ಹತ್ತಕ್ಕೆ ಎಷ್ಟು ನೋವಿದೆ ಅಮ್ಮಾ?’ ಎಂದು ಕೇಳಿದಾಗ ನೀವು ಎರಡು ಅಂದಿರಿ. ಅವರು ಎರಡರ ನೋವಿಗೆ ಕೊಡುವ ಮಾತ್ರೆ ಕೊಟ್ಟು ಹೋದರು. ನೀವು ಇಡೀ ದಿನ ಸೆರಗು ಕಚ್ಚಿಕೊಂಡು ಮಲಗಿದ್ದಿರಿ. ಯಾಕೆ ಹಾಗೆ ಹೇಳಿದಿರಿ ಎಂದರೆ, ‘ಪಕ್ಕದ ಮಂಚದೋರು ನಾಲ್ಕು ಅಂದ್ರಲ್ಲೇ, ಅವರಿಗಿಂತ ಜಾಸ್ತಿ ಹೇಳೋದು ಹೇಗೆ?’ ಅಂದಿರಿ. ಅವತ್ತು ನಾವೆಲ್ಲ ನಕ್ಕೆವು. ಈಗ ನಗು ಬರುವುದಿಲ್ಲ.

ಮತ್ತೆ ಲೆಕ್ಕಕ್ಕೆ ಕೂತೆ. ವಾಕರು ಒಳಗೇ ಪೂರ್ತಿ ತಿರುಗಬೇಕು, ಬಚ್ಚಲು ಕೋಣೆಗೆ ಅಂಟಿಕೊಂಡಿರಬೇಕು, ಒಂದು ಕಿಟಕಿ ಬೇಕು ಎಂದು ಸೇರಿಸಿದೆ. ಪ್ಲಾನೆಲ್ಲ ಕೆಂಪಾಯಿತು. ಕಂಪ್ಯೂಟರಿನ ಒಂದು ಒಳ್ಳೆಯ ಗುಣವೆಂದರೆ ಆಗುವುದಿಲ್ಲ ಎಂದು ಸುಮ್ಮನಾಗುವುದಿಲ್ಲ, ಯಾವ ಯಾವ ಮಾತು ಒಟ್ಟಿಗೆ ನಡೆಯದು ಎಂದು ಬೆರಳಿಟ್ಟು ತೋರಿಸುತ್ತದೆ. ತೋರಿಸಿದ್ದು ಮೂರನ್ನು: ಎರಡು ಕಾರು, ತೆಂಗಿನ ಮರ, ನಿಮ್ಮ ಕೋಣೆ. ಒಂದು ಕಾರು ಬೀದಿಯಲ್ಲಿ ನಿಂತರೆ ಉಳಿದದ್ದೆಲ್ಲ ಕೂಡುತ್ತದೆ. ಮರ ಹೋದರೂ ಕೂಡುತ್ತದೆ. ಲಿಫ್ಟು ಹಾಕಿ ನಿಮ್ಮನ್ನು ನಮ್ಮ ಮಹಡಿಗೇ ಕರೆದುಕೊಂಡರೆ ಹೇಗೆ ಎಂದೂ ನೋಡಿದೆ, ಅದೂ ಅದೇ ಜಾಗ ಕೇಳಿತು. ಮೊನ್ನೆ ಮತ್ತೆ ಎಲ್ಲರನ್ನೂ ಕೂರಿಸಿ ಇದನ್ನೆಲ್ಲ ಮುಂದಿಟ್ಟೆ. ‘ಅತ್ತಿಗೆ, ಎಂಟ್ರಿ ಮಾಡಿದ್ದು ನೀವೇ. ಎಲ್ಲ ಸರಿಹೋದ್ಮೇಲೆ ಈಗ್ಯಾಕೆ ಕಡ್ಡಿ ಆಡಿಸ್ತೀರಾ? ಅಮ್ಮ ಕೇಳಿದ್ರಾ ಇದೆಲ್ಲ?’ ಎಂದ ಪ್ರಸನ್ನ. ಜಯದೇವಪ್ಪನವರು ನನ್ನನ್ನು ಸಮಾಧಾನ ಮಾಡಲು, ‘ಇನ್ನೆಷ್ಟ್ ವರ್ಷ ಬಿಡಿ ಮೇಡಂ, ಆಮೇಲೆ ಸ್ಟೋರ್ ರೂಮಿಗೆ ಆಗುತ್ತೆ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಎಂದರು. ನಿಮ್ಮ ದೊಡ್ಡ ಮಗ ಕಾಫಿ ಲೋಟದ ತಳ ನೋಡುತ್ತ ಕೂತಿದ್ದರು.

ಇವರು ಕೆಟ್ಟವರಲ್ಲ, ಅದು ನಿಮಗಿಂತ ನನಗೇ ಚೆನ್ನಾಗಿ ಗೊತ್ತು. ಮಾರನೇ ದಿನ ಬೆಳಿಗ್ಗೆ ನನ್ನನ್ನು ಆಫೀಸಿಗೆ ಬಿಡುವಾಗ, ‘ಅಮ್ಮ ಬೇಕು ಅಂತ ಒಂದ್ ಮಾತು ಅಂದಿದ್ರೆ ನಾನು ಕಾರೇ ಮಾರ್ತಿದ್ದೆ. ಕೇಳೇ ಇಲ್ವಲ್ಲೇ’ ಎಂದರು. ನಾನು ಅವರನ್ನು ನಂಬುತ್ತೇನೆ. ನನಗೆ ಭಯವಾಗಿರುವುದೂ ಅದಕ್ಕೇ. ನಿಮ್ಮನ್ನು ಯಾರೂ ನೂಕುತ್ತಿಲ್ಲ, ಕೇಳಿದವರಿಗೆಲ್ಲ ಜಾಗ ಕೊಟ್ಟು ಮಿಕ್ಕಿದ್ದು ನಿಮಗೆ ಬರುತ್ತಿದೆ. ನಾನು ಬೇಕು ಎಂದರೆ ಅದು ಸೊಸೆಯ ಕಿರಿಕಿರಿಯಾಗುತ್ತದೆ. ನೀವು ಬೇಕು ಎಂದರೆ ಅಮ್ಮನ ಮಾತಾಗುತ್ತದೆ. ಇದನ್ನು ನಿಮ್ಮ ಬಾಯಿಂದಲೇ ಹೇಳಿಸಬೇಕು. ನೀವು ಮಾತ್ರ ಗೃಹಪ್ರವೇಶದ ದಿನ ಆ ಗೂಡು ನೋಡಿ, ‘ಚೆನ್ನಾಗಿದೆ ಕಣೆ’ ಎಂದು ಹೇಳಿ, ವಾಕರನ್ನು ಹೊರಗೆ ಬಿಟ್ಟು, ಗೋಡೆ ಹಿಡಿದುಕೊಂಡು ಮಂಚ ಹತ್ತಿಬಿಡುತ್ತೀರಿ. ಅದನ್ನು ನನಗೆ ನೋಡಲಾಗುವುದಿಲ್ಲ, ಅತ್ತೆ.

ಹೆಚ್ಚು ಬರೆದೆ. ಸೊಸೆ ಬುದ್ಧಿ ಹೇಳುತ್ತಿದ್ದಾಳೆ ಎಂದು ಬೇಜಾರು ಮಾಡಿಕೊಳ್ಳಬೇಡಿ, ಮಾಡಿಕೊಂಡರೂ ಚಿಂತೆಯಿಲ್ಲ, ಅದನ್ನು ಬಾಯಿಬಿಟ್ಟು ಹೇಳಿ. ಕಿಟ್ಟಿ ಮಾವನಿಗೂ ಅವರ ಮನೆಯವರಿಗೂ ನನ್ನ ನಮಸ್ಕಾರ ತಿಳಿಸಿ. ಮಂಡಿಗೆ ಶಾಖ ಕೊಟ್ಟುಕೊಳ್ಳಿ. ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ, ನನ್ನ ಮೇಲೆ ಒಂದು ಹಿಡಿ ಜಾಸ್ತಿಯೇ ಇರಲಿ.

ನಿಮ್ಮ ಸೊಸೆ,
ಅಂಜನಾ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಭಾನುವಾರ ಪ್ರಸನ್ನ ಬರುವ ಮುಂಚೆ, ನೀವು ಮಲಗುವ ಮಂಚವನ್ನು ಕಿಟ್ಟಿ ಮಾವನ ಮನೆಯ ಹಾಲಿಗೆ ತರಿಸಿ. ಅದರ ಸುತ್ತ ಅಂಟಿದ ಹಾಗೆ ರಂಗೋಲಿಯಲ್ಲಿ ಒಂದು ಗೆರೆ ಎಳೆಸಿ, ಕಾಲ ಬದಿಗೆ ಮಾತ್ರ ಒಂದು ಮೊಳ ಬಿಡಿ. ಪ್ಲಾನಿನಲ್ಲಿರುವ ನಿಮ್ಮ ಕೋಣೆ ಅಷ್ಟೇ. ಪ್ರಸನ್ನ ನೋಡುತ್ತಿರುವಾಗ ವಾಕರು ಹಿಡಿದು ಗೆರೆಯ ಒಳಗೆ ಹೋಗಿ, ಒಂದು ಸಲ ತಿರುಗಲು ನೋಡಿ. ತಿರುಗಲು ಆದರೆ ಸಹಿ ಹಾಕಿ. ಆಗದಿದ್ದರೆ ಆ ಗೆರೆ ಅಳಿಸಿಹಾಕಿಸಿ, ನಿಮಗೆ ಬೇಕಾದಷ್ಟು ದೊಡ್ಡದಾಗಿ ಇನ್ನೊಂದು ಎಳೆಸಿ. ಬಗ್ಗಲಾಗದಿದ್ದರೆ ನೀವು ತೋರಿಸಿ, ಕಿಟ್ಟಿ ಮಾವ ಎಳೆಯಲಿ. ಬಚ್ಚಲು ಎಲ್ಲಿ, ಕಿಟಕಿ ಎಲ್ಲಿ ಎಂದೂ ಗುರುತು ಹಾಕಿಸಿ. ಅಳತೆ ಬರೆದು ಫೋಟೋ ತೆಗೆದು ನನಗೆ ಕಳಿಸಲು ಹೇಳಿ. ಅದನ್ನು ಒಂದಂಗುಲವೂ ಬದಲಿಸದೆ ಕಂಪ್ಯೂಟರಿಗೆ ಹಾಕುತ್ತೇನೆ. ಆಮೇಲೆ ಕಾರೋ ಮರವೋ, ಯಾವುದು ಕೆಂಪಾಗಬೇಕೋ ಆಗಲಿ. ಸಣ್ಣದಾಗಿ ಮಾತ್ರ ಎಳೆಸಬೇಡಿ, ಅತ್ತೆ.